ತುಳು ಅಳಿಯುತ್ತದೆಂಬ ಫಾರ್ವರ್ಡ್: ಮನೆಯ ಗುಂಪಿನಲ್ಲಿ ನಡೆದ ಮಾತು

ದೊಡ್ಡಪ್ಪ (ಉಡುಪಿ): *ಫಾರ್ವರ್ಡ್:* "ಇನ್ನು 20 ವರ್ಷಗಳಲ್ಲಿ ತುಳು ಸಂಪೂರ್ಣ ಅಳಿಯಲಿದೆ ಎಂದು ಯುನೆಸ್ಕೋ ಘೋಷಿಸಿದೆ. ನಿಜವಾದ ತುಳುವರು ಹತ್ತು ಜನರಿಗೆ ಕಳುಹಿಸಿರಿ."
ಬೆಂಗಳೂರಿನಲ್ಲಿರುವವರು ಮುಖ್ಯವಾಗಿ ಓದಬೇಕು.

ತಮ್ಮ (ಬೆಂಗಳೂರು): ದೊಡ್ಡಪ್ಪ, ಇದಕ್ಕೆ ಆಧಾರ ಎಲ್ಲಿದೆ? ಯುನೆಸ್ಕೋದ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ತುಳು ಇರುವುದು ನಿಜ, ಆದರೆ ಅದು ಅತ್ಯಂತ ಕಡಿಮೆ ಅಪಾಯದ ವರ್ಗದಲ್ಲಿದೆ. 2001ರ ಜನಗಣತಿಯಲ್ಲಿ ತುಳುವನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 17.2 ಲಕ್ಷ ಮಂದಿ; 2011ರಲ್ಲಿ ಆ ಸಂಖ್ಯೆ 18.4 ಲಕ್ಷ ದಾಟಿತ್ತು.

ದೊಡ್ಡಪ್ಪ: ಇದನ್ನು ಕಳುಹಿಸಿದವರು ನಿವೃತ್ತ ಅಧ್ಯಾಪಕರು, ಸುಳ್ಳು ಹೇಳುವವರಲ್ಲ. ನೀನು ಲೆಕ್ಕ ಒಪ್ಪಿಸುತ್ತೀಯ, ಆದರೆ ನಿನ್ನ ಮಗಳಿಗೆ ಅಜ್ಜಿಯ ಹತ್ತಿರ ತುಳುವಿನಲ್ಲಿ ನೀರು ಕೇಳಲು ಬರುವುದಿಲ್ಲ; ಕಳೆದ ಚೌತಿಯಲ್ಲಿ ನಾವೆಲ್ಲ ನೋಡಿದ್ದೇವೆ. 1992ರಲ್ಲಿ ಕೊಂಕಣಿ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳ ಪಟ್ಟಿಗೆ ಸೇರಿತು, ನಾವು ಇನ್ನೂ ಕಾಯುತ್ತಿದ್ದೇವೆ. ನಾಳೆ ಸೇರಿದರೂ ಮನೆಯಲ್ಲಿ ಆಡದ ಮಾತನ್ನು ಯಾವ ಸರ್ಕಾರ ಉಳಿಸೀತು?

ಅಣ್ಣ (ಕಟಪಾಡಿ): ಅಜ್ಜ ಇದ್ದಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ತುಳುವರ ಆಟಿ ತಿಂಗಳ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಹೋಗಿ, ಕಬ್ಬಿಣ ತಾಗಿಸದೆ ಕಲ್ಲಿನಿಂದಲೇ ಜಜ್ಜಿ ಪಾಲೆ ಮರದ ತೊಗಟೆ ತರುತ್ತಿದ್ದರು. ಓಮ, ಬೆಳ್ಳುಳ್ಳಿ, ಕರಿಮೆಣಸು ಹಾಕಿದ ಕಷಾಯಕ್ಕೆ ಕೆಂಪಗೆ ಕಾದ ಬೊಳ್ಕಲ್ಲನ್ನು, ಅಂದರೆ ಬಿಳಿಕಲ್ಲನ್ನು, ಇಳಿಸಿದಾಗ ಏಳುತ್ತಿದ್ದ ಸದ್ದು ಈಗಲೂ ಕಿವಿಯಲ್ಲಿದೆ. ಆ ಕಹಿಗೆ ಮೆಂತೆ ಗಂಜಿಯೇ ಸಮಾಧಾನ.

ಚಿಕ್ಕಮ್ಮ (ಕುಂದಾಪುರ): ಅದೇ ಅಮಾವಾಸ್ಯೆಯನ್ನು ನಮ್ಮ ಕಡೆಯವರು 2019ರಿಂದ ನಮ್ಮ ಆಡುಮಾತಾದ ಕುಂದಾಪ್ರ ಕನ್ನಡದ ಹೆಸರಿನಲ್ಲಿ ವಿಶ್ವ ಕುಂದಾಪ್ರ ಕನ್ನಡ ದಿನವೆಂದು ಆಚರಿಸುತ್ತಿದ್ದಾರೆ. ಭಾವ, ನಾನು ಈ ಮನೆಗೆ ಬಂದ ಹೊಸತರಲ್ಲಿ ಪಂಕ್ತಿಯಲ್ಲಿ ಬಡಿಸುತ್ತಾ "ಹ್ವಾಯ್, ಅನ್ನ ಬೇಕಾ" ಎಂದದ್ದಕ್ಕೆ ನೀವೇ ಮೊದಲು ನಕ್ಕಿದ್ದಿರಿ. ಇಡೀ ಪಂಕ್ತಿ ನಕ್ಕಿತು. ಅಂದಿನಿಂದ ನಾನು ತುಳುವನ್ನೇ ಆಡಿದೆ, ಹಾಗಾಗಿ ನನ್ನ ಮಕ್ಕಳಿಗೆ ನನ್ನ ತವರಿನ ಮಾತು ಬರುವುದಿಲ್ಲ. ನಮ್ಮ ಮಾತು ಜನಗಣತಿಯಲ್ಲಿ ಕನ್ನಡದೊಳಗೇ ಸೇರಿಹೋಗುವುದರಿಂದ, ಉಳಿಯಿತೋ ಹೋಯಿತೋ ಎಂದು ಹೇಳುವ ಲೆಕ್ಕವೂ ಇಲ್ಲ.

ದೊಡ್ಡಪ್ಪ: ಆಗಿನ ತಮಾಷೆಯನ್ನು ಈಗ ಎತ್ತುವ ಅಗತ್ಯವಿರಲಿಲ್ಲ.

ನಾನು: ದೊಡ್ಡಪ್ಪ, ಚಿಕ್ಕಮ್ಮ ವಿಷಯ ಬಿಟ್ಟು ಮಾತನಾಡಿಲ್ಲ. ಯುನೆಸ್ಕೋದ ಆ ಪಟ್ಟಿಯಲ್ಲಿ ತುಳುವಿಗಿಂತ ಹೆಚ್ಚಿನ ಅಪಾಯದ ವರ್ಗದಲ್ಲಿ ಕೊರಗ ಸಮುದಾಯದ ಭಾಷೆಯಿದೆ. ನಮ್ಮ ಊರಿನ ಕೊರಗ ಕುಟುಂಬಗಳು ನಮ್ಮೊಂದಿಗೆ ತುಳುವಿನಲ್ಲೇ ಮಾತನಾಡುತ್ತವೆ. ಅವರಿಗೆ ತಮ್ಮದೇ ಭಾಷೆಯೊಂದಿದೆ ಎಂಬುದು ಈ ಗುಂಪಿನಲ್ಲಿ ಎಷ್ಟು ಜನರಿಗೆ ಗೊತ್ತು? ಇಂಗ್ಲಿಷಿನ ಎದುರು ನಮಗಾಗುವ ಸಂಕಟವನ್ನು ನಾವೇ ಅವರಿಗೂ ಚಿಕ್ಕಮ್ಮನಿಗೂ ಕೊಟ್ಟಿದ್ದೇವೆ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ತಮ್ಮ: ಒಪ್ಪಿದೆ. ಆದರೂ ಆ ಫಾರ್ವರ್ಡನ್ನು ಅಳಿಸಿಬಿಡಿ, ದೊಡ್ಡಪ್ಪ.

ಚಿಕ್ಕಮ್ಮ: ಬೇಸಗೆ ರಜೆಯಲ್ಲಿ ಮಗುವನ್ನು ಇಲ್ಲಿಗೆ ಕಳುಹಿಸು. ನಾನು ಅವಳೊಂದಿಗೆ ಕುಂದಾಪ್ರ ಕನ್ನಡವನ್ನೇ ಆಡುತ್ತೇನೆ, ಆಗ ಯಾರೂ ನಗಬಾರದು.

ದೊಡ್ಡಪ್ಪ: ಆಡಮ್ಮ, ನಗುವುದಿಲ್ಲ. ತುಳು ಕಲಿಸುವುದು ನನ್ನ ಪಾಲಿಗಿರಲಿ. ಫಾರ್ವರ್ಡನ್ನು ಮಾತ್ರ ಅಳಿಸುವುದಿಲ್ಲ.