ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಮೊದಲ ಬಾರಿ ಬಾಡಿಗೆ ಕಾರು ಓಡಿಸುವ ಬಗ್ಗೆ ಸಲಹೆ ಬೇಕು

ಕಾವೇರಿತೀರ (ಮೈಸೂರು):

ಎಲ್ಲರಿಗೂ ನಮಸ್ಕಾರ. ಬರುವ ಡಿಸೆಂಬರ್ ಕೊನೆಯಲ್ಲಿ ನಾನು, ನನ್ನ ಹೆಂಡತಿ, ನಾಲ್ಕು ವರ್ಷದ ಮಗಳು ಹಾಗೂ ಎಪ್ಪತ್ತರ ಆಸುಪಾಸಿನಲ್ಲಿರುವ ನನ್ನ ತಂದೆ ತಾಯಿ ನ್ಯೂಜಿಲೆಂಡಿಗೆ ಹೋಗುವುದೆಂದು ನಿಶ್ಚಯವಾಗಿದೆ. ಕ್ರೈಸ್ಟ್‌ಚರ್ಚ್‌ನಲ್ಲಿ ಇಳಿದು, ಟೆಕಾಪೊ ಮತ್ತು ಕ್ವೀನ್ಸ್‌ಟೌನ್ ನೋಡಿಕೊಂಡು, ಕ್ವೀನ್ಸ್‌ಟೌನಿನಿಂದ ಒಂದೇ ದಿನದಲ್ಲಿ ಮಿಲ್ಫೋರ್ಡ್ ಸೌಂಡಿಗೆ (ಬೆಟ್ಟಗಳ ನಡುವಿನ, ದೋಣಿಯಲ್ಲಿ ಸುತ್ತಿ ನೋಡುವ ಕಡಲ ಕವಲು) ಹೋಗಿ ಬರುವ ಆಲೋಚನೆಯಿದೆ. ವಯಸ್ಸಾದವರು ಮತ್ತು ಮಗು ಜೊತೆಗಿರುವುದರಿಂದ ಬಸ್ಸಿನ ವೇಳೆಗೆ ಕಟ್ಟುಬೀಳುವುದಕ್ಕಿಂತ ಕಾರು ಬಾಡಿಗೆಗೆ ಪಡೆದು ನಾನೇ ಓಡಿಸುವುದು ಅನುಕೂಲವೆನಿಸುತ್ತದೆ. ಮಡಿಕೇರಿ ಘಟ್ಟವೂ ಸೇರಿದಂತೆ ನಮ್ಮ ಕಡೆಯ ರಸ್ತೆಗಳಲ್ಲಿ ಬಹಳ ವರ್ಷಗಳಿಂದ ಕಾರು ಓಡಿಸುತ್ತಿದ್ದೇನೆ; ಹೊರದೇಶದಲ್ಲಿ ಮಾತ್ರ ಒಮ್ಮೆಯೂ ಸ್ಟಿಯರಿಂಗ್ ಹಿಡಿದಿಲ್ಲ. ಅಲ್ಲಿಯೂ ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ ಓಡಿಸುವುದರಿಂದ ಹೆಚ್ಚು ತೊಂದರೆಯಾಗದೆಂದು ಗೆಳೆಯರು ಧೈರ್ಯ ಹೇಳುತ್ತಾರೆ. ಅದು ಎಷ್ಟರ ಮಟ್ಟಿಗೆ ನಿಜ? ಕರ್ನಾಟಕದ ಲೈಸೆನ್ಸ್ ಸಾಕಾಗುತ್ತದೆಯೇ ಅಥವಾ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಬೇಕೇ? ವಿಮೆಯ ವಿಷಯದಲ್ಲಿ ಏನನ್ನು ಗಮನಿಸಬೇಕು? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ದಕ್ಷಿಣದ್ವೀಪವಾಸಿ (ಕ್ರೈಸ್ಟ್‌ಚರ್ಚ್):

ನಮಸ್ಕಾರ ಸರ್. ಮೊದಲು ಲೈಸೆನ್ಸಿನ ಮಾತು. ನಿಮ್ಮ ಕಾರ್ಡಿನಲ್ಲಿ ವಿವರಗಳು ಇಂಗ್ಲಿಷಿನಲ್ಲಿದ್ದು ಅದು ಚಾಲ್ತಿಯಲ್ಲಿದ್ದರೆ, ಪ್ರವಾಸಿಗರಾಗಿ ಬರುವವರಿಗೆ ಇಲ್ಲಿನ ಕಾನೂನಿನ ಪ್ರಕಾರ ಅಷ್ಟೇ ಸಾಕು. ಆದರೂ ಕೆಲವು ಬಾಡಿಗೆ ಸಂಸ್ಥೆಗಳು ತಮ್ಮದೇ ನಿಯಮವೆಂದು ಅಂತರರಾಷ್ಟ್ರೀಯ ಪರವಾನಗಿಯನ್ನು ಕೇಳುವುದುಂಟು. ನಿಮ್ಮ ಆರ್‌ಟಿಒದಲ್ಲಿ ಸಾವಿರ ರೂಪಾಯಿ ಶುಲ್ಕಕ್ಕೆ ಒಂದು ವರ್ಷದ ಅವಧಿಯ ಪರವಾನಗಿ ಸಿಗುವುದರಿಂದ, ಇಷ್ಟು ದೂರ ಬಂದು ಕೌಂಟರಿನಲ್ಲಿ ವಾದಿಸುತ್ತ ನಿಲ್ಲುವುದಕ್ಕಿಂತ ಮಾಡಿಸಿಕೊಂಡು ಬರುವುದೇ ವಾಸಿ. ಪುಸ್ತಕದ ರೂಪದ ಆ ಪರವಾನಗಿ ಒಂಟಿಯಾಗಿ ಉಪಯೋಗಕ್ಕೆ ಬಾರದು, ಮೂಲ ಲೈಸೆನ್ಸ್ ಕಾರ್ಡು ಜೊತೆಯಲ್ಲಿರಲೇಬೇಕು. ಡಿಜಿಲಾಕರ್ ತೋರಿಸಿ ಮುಂದೆ ಸಾಗಲು ಇದು ಬೆಂಗಳೂರಲ್ಲ.

ಎಡಬದಿ ಎಂಬುದು ನಿಜವಾದ ಅನುಕೂಲವೇ. ಆದರೆ ಯಾರು ಯಾರಿಗೆ ದಾರಿ ಬಿಡಬೇಕು ಎಂಬ ವಿಷಯದಲ್ಲಿ ನಮ್ಮ ಊರಿನ ರೂಢಿಯನ್ನು ವಿಮಾನ ನಿಲ್ದಾಣದಲ್ಲೇ ಬಿಟ್ಟು ಬರಬೇಕಾಗುತ್ತದೆ. ಕೆಂಪು ದೀಪವಿರುವಾಗ ಎಡಕ್ಕೆ ತಿರುಗುವ ಸ್ವಾತಂತ್ರ್ಯ ಇಲ್ಲಿಲ್ಲ. ಹಸಿರು ಬಾಣ ಬರುವವರೆಗೆ ಅಥವಾ ದೀಪ ಹಸಿರಾಗುವವರೆಗೆ ಕಾಯಲೇಬೇಕು. ಸ್ಟಾಪ್ ಫಲಕ ಕಂಡಲ್ಲಿ ರಸ್ತೆ ಖಾಲಿಯಿದ್ದರೂ ಚಕ್ರಗಳು ಪೂರ್ತಿ ನಿಲ್ಲಬೇಕು. ವೃತ್ತಕ್ಕೆ ಪ್ರವೇಶಿಸುವಾಗ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ನಿಮ್ಮ ಸರದಿ ಬಂದಾಗ ಹಿಂದಿನವರಾರೂ ಹಾರ್ನ್ ಮಾಡಿ ಎಚ್ಚರಿಸುವುದಿಲ್ಲ. ನೀವು ಬಲಕ್ಕೆ ತಿರುಗುತ್ತಿರುವಾಗ ಎದುರಿನಿಂದ ಬಂದವರು ಎಡಕ್ಕೆ ಅದೇ ರಸ್ತೆಗೆ ತಿರುಗುತ್ತಿದ್ದರೆ ಮೊದಲ ಅವಕಾಶ ಅವರದು. 2012ರ ಮಾರ್ಚ್‌ವರೆಗೆ ಈ ನಿಯಮ ತಿರುಗುಮುರುಗಾಗಿತ್ತು, ಆದ್ದರಿಂದ ಹಳೆಯ ಪ್ರವಾಸ ಬರಹಗಳನ್ನು ನಂಬಬೇಡಿ.

ಹೊಸಬರು ತಬ್ಬಿಬ್ಬಾಗುವುದು ಒಂಟಿ ಲೇನಿನ ಸೇತುವೆಗಳಲ್ಲಿ. ದಕ್ಷಿಣ ದ್ವೀಪದ ಹೆದ್ದಾರಿಗಳಲ್ಲೂ ಇವು ಸಿಗುತ್ತವೆ. ಸೇತುವೆಗೆ ಮುಂಚೆ ಕೆಂಪು ಅಂಚಿನ ದುಂಡು ಫಲಕವಿದ್ದು, ಅದರಲ್ಲಿ ನೀವು ಹೋಗುವ ದಿಕ್ಕಿನ ಬಾಣ ಕೆಂಪಾಗಿ ಚಿಕ್ಕದಾಗಿದ್ದರೆ ನೀವು ನಿಂತು ಎದುರಿನವರಿಗೆ ದಾರಿ ಬಿಡಬೇಕು. ನೀಲಿ ಫಲಕದಲ್ಲಿ ನಿಮ್ಮ ದಿಕ್ಕಿನ ಬಾಣ ಬಿಳಿಯಾಗಿ ದೊಡ್ಡದಾಗಿದ್ದರೆ ಮೊದಲ ಹಕ್ಕು ನಿಮ್ಮದು. ಆದರೂ ಎದುರಿನವರು ನಿಂತಿದ್ದಾರೆಂಬುದನ್ನು ಕಣ್ಣಾರೆ ನೋಡಿಯೇ ಮುಂದುವರಿಯಬೇಕು. ನಮ್ಮಲ್ಲಿ ದೂರದಿಂದಲೇ ಹೆಡ್‌ಲೈಟ್ ಮಿನುಗಿಸಿ ‘ನಾನು ಬರುತ್ತಿದ್ದೇನೆ, ನೀನು ನಿಲ್ಲು’ ಎಂದು ಹೇಳುವ ಪದ್ಧತಿಯಿದೆಯಲ್ಲ, ಅದನ್ನು ಇಲ್ಲಿ ಅಪ್ಪಿತಪ್ಪಿಯೂ ಮಾಡಬೇಡಿ. ‘ನೀವು ಮೊದಲು ಹೋಗಿ’ ಎಂದೇ ಎದುರಿನವರು ತಿಳಿದುಕೊಳ್ಳಬಹುದು.

ಊರಿನೊಳಗೆ ಸಾಮಾನ್ಯವಾಗಿ ಗಂಟೆಗೆ 50 ಕಿ.ಮೀ., ಊರಾಚೆ 100 ಕಿ.ಮೀ. ಮಿತಿಯಿರುತ್ತದೆ. ಆ 100 ಎಂಬುದು ಗರಿಷ್ಠ ಮಿತಿಯೇ ಹೊರತು ಅಷ್ಟು ವೇಗದಲ್ಲಿ ಹೋಗಲೇಬೇಕೆಂಬ ಆಜ್ಞೆಯಲ್ಲ. ತಿರುವುಗಳ ಮುಂಚೆ ಹಳದಿ ಫಲಕದಲ್ಲಿ 35, 45 ಎಂದು ಬರೆದಿರುವುದನ್ನು ಮಡಿಕೇರಿ ಘಟ್ಟದ ಅನುಭವದ ಮೇಲೆ ಅಲಕ್ಷಿಸಬೇಡಿ, ಅದನ್ನು ಆ ತಿರುವಿಗೆಂದೇ ಲೆಕ್ಕ ಹಾಕಿ ಬರೆದಿರುತ್ತಾರೆ. ನಡುವಿನ ಗೆರೆಯಲ್ಲಿ ನಿಮ್ಮ ಬದಿಗೆ ಹಳದಿ ಗೆರೆ ತುಂಡಾಗದೆ ಇದ್ದರೆ ಅದನ್ನು ದಾಟಿ ಓವರ್‌ಟೇಕ್ ಮಾಡುವಂತಿಲ್ಲ. ಹಿಂದೆ ಸಾಲುಗಟ್ಟಿದವರಿಗೆ ಸುರಕ್ಷಿತ ಜಾಗದಲ್ಲಿ ಎಡಕ್ಕೆ ಸರಿದು ದಾರಿ ಕೊಟ್ಟರೆ ಸಾಕು, ನೀವು ನಿಧಾನವಾಗಿ ಹೋದರೆ ಯಾರೂ ಬೇಸರಿಸುವುದಿಲ್ಲ.

ಇನ್ನೊಂದು ಮಾತು. ಇಳಿದ ದಿನವೇ ಟೆಕಾಪೊಗೆ ಹೊರಡಬೇಡಿ. ಡಿಸೆಂಬರಿನಲ್ಲಿ ಇಲ್ಲಿನ ಗಡಿಯಾರ ಭಾರತಕ್ಕಿಂತ ಏಳೂವರೆ ಗಂಟೆ ಮುಂದಿರುತ್ತದೆ. ಇಲ್ಲಿ ಬೆಳಿಗ್ಗೆ ಹತ್ತಾದಾಗ ನಿಮ್ಮ ದೇಹಕ್ಕೆ ಬೆಳಗಿನ ಜಾವ ಎರಡೂವರೆ. ಕ್ರೈಸ್ಟ್‌ಚರ್ಚ್‌ನಲ್ಲಿ ಒಂದು ರಾತ್ರಿ ನಿದ್ದೆ ಮಾಡಿ, ಮರುದಿನ ಕಾರು ಪಡೆಯಿರಿ. ಟೆಕಾಪೊ ಸುಮಾರು 225 ಕಿ.ಮೀ. ದೂರವಿದ್ದು ಮೂರು ಗಂಟೆಯ ಹಾದಿ.

ಧಾರವಾಡಪೇಡೆ (ಹುಬ್ಬಳ್ಳಿ):

ಮೇಲಿನವರು ರಸ್ತೆಯ ಬಗ್ಗೆ ಹೇಳಬೇಕಾದುದನ್ನೆಲ್ಲ ಹೇಳಿರುವುದರಿಂದ ನಾನು ಕಾಗದಪತ್ರಗಳ ಬಗ್ಗೆ ಮಾತ್ರ ಬರೆಯುತ್ತೇನೆ. ಭಾರತದಲ್ಲಿ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿರುವಂತೆ ನ್ಯೂಜಿಲೆಂಡಿನಲ್ಲಿ ವಾಹನ ವಿಮೆ ಕಡ್ಡಾಯವಲ್ಲ. ನಿಮಗೆ ಗುದ್ದಿದ ಕಾರಿಗೆ ವಿಮೆಯೇ ಇಲ್ಲದಿರಬಹುದು. ಆದ್ದರಿಂದ ಬಾಡಿಗೆ ಕರಾರಿನಲ್ಲಿ ಇತರರ ವಾಹನಕ್ಕೂ ನಿಮ್ಮ ಕಾರಿಗೂ ಯಾವ ರಕ್ಷಣೆಯಿದೆ, ಮತ್ತು ಹಾನಿಯಾದಾಗ ನಿಮ್ಮ ಪಾಲಿಗೆ ಬರುವ ಮೊತ್ತ, ಅಂದರೆ ಎಕ್ಸೆಸ್, ಎಷ್ಟೆಂಬುದನ್ನು ಮೊದಲು ನೋಡಿ. ದಿನದ ಬಾಡಿಗೆ ಅಗ್ಗವೆಂದು ಕಂಡ ಕಡೆ ಈ ಮೊತ್ತ ಕೆಲವು ಸಾವಿರ ಡಾಲರುಗಳಷ್ಟಿರಬಹುದು. ದಿನಕ್ಕಿಷ್ಟೆಂದು ಹೆಚ್ಚುವರಿ ಹಣ ಕೊಟ್ಟು ಅದನ್ನು ಇಳಿಸಿಕೊಳ್ಳುವ ಆಯ್ಕೆಯಿರುತ್ತದೆ, ಮತ್ತು ಹೊಸ ಚಾಲಕರಾದ ನೀವು ಅದನ್ನು ತೆಗೆದುಕೊಳ್ಳುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಹಾಗೆ ತೆಗೆದುಕೊಂಡರೂ ಗಾಜು, ಟೈರು, ಕಾರಿನ ತಳಭಾಗ ಅದರಲ್ಲಿ ಸೇರಿವೆಯೇ ಎಂದು ಬಾಯಿಬಿಟ್ಟು ಕೇಳಿ. ಕ್ವೀನ್ಸ್‌ಟೌನ್ ಬಳಿಯ ಸ್ಕಿಪ್ಪರ್ಸ್ ರಸ್ತೆಯಂತಹ ಕೆಲವು ದಾರಿಗಳಿಗೆ ಹೆಚ್ಚಿನ ಬಾಡಿಗೆ ಕಾರುಗಳ ವಿಮೆ ಅನ್ವಯಿಸುವುದೇ ಇಲ್ಲ.

ದೈಹಿಕ ಗಾಯದ ವಿಷಯ ಬೇರೆ. 1974ರಿಂದ ಅಲ್ಲಿ ಎಸಿಸಿ ಎಂಬ ಸರ್ಕಾರಿ ಯೋಜನೆ ನಡೆಯುತ್ತಿದ್ದು, ತಪ್ಪು ಯಾರದೇ ಆಗಿದ್ದರೂ ಅಪಘಾತದ ಗಾಯಗಳಿಗೆ ಆ ದೇಶದಲ್ಲಿ ಪಡೆಯುವ ಚಿಕಿತ್ಸೆಯ ವೆಚ್ಚಕ್ಕೆ ಅದು ನೆರವಾಗುತ್ತದೆ; ಪ್ರವಾಸಿಗರಿಗೂ ಇದು ಅನ್ವಯಿಸುತ್ತದೆ. ಆದರೆ ನಿಮ್ಮ ತಂದೆಯವರಿಗೆ ರಕ್ತದೊತ್ತಡ ಏರಿದರೆ ಅಥವಾ ಪ್ರವಾಸ ಅರ್ಧಕ್ಕೆ ನಿಂತರೆ ಅದು ಎಸಿಸಿಯ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ, ಪ್ರವಾಸ ವಿಮೆಯನ್ನು ಇಲ್ಲಿಂದಲೇ ಮಾಡಿಸಿಕೊಂಡು ಹೋಗಬೇಕು.

ಠೇವಣಿಗಾಗಿ ಹಣ ತಡೆಹಿಡಿಯುವುದರಿಂದ ಚಾಲಕರ ಹೆಸರಿನಲ್ಲೇ ಇರುವ ಕ್ರೆಡಿಟ್ ಕಾರ್ಡ್ ಬೇಕಾಗುತ್ತದೆ. ನಿಮ್ಮ ಶ್ರೀಮತಿಯವರೂ ಓಡಿಸುವುದಾದರೆ ಅವರ ಹೆಸರನ್ನು ಕರಾರಿನಲ್ಲಿ ಬರೆಸದೆ ಸ್ಟಿಯರಿಂಗ್ ಕೊಡಬೇಡಿ, ಏಕೆಂದರೆ ಹೆಸರಿಲ್ಲದವರು ಓಡಿಸುವಾಗ ಅನಾಹುತವಾದರೆ ಕಟ್ಟಿದ ವಿಮೆಯೆಲ್ಲ ನೀರುಪಾಲು. ಏಳು ವರ್ಷ ತುಂಬದ ಮಕ್ಕಳಿಗೆ ಅನುಮೋದಿತ ಚೈಲ್ಡ್ ಸೀಟ್ ಕಡ್ಡಾಯ. ಅಜ್ಜಿಯ ತೊಡೆಯ ಮೇಲೆ ಕೂರಿಸಿಕೊಂಡು ಹೋಗುವಂತಿಲ್ಲ. ಅದನ್ನು ಕಾರಿನೊಂದಿಗೇ ಕಾದಿರಿಸಿ.

ಹಸಿರುಘಟ್ಟ (ಶಿವಮೊಗ್ಗ):

ಮಿಲ್ಫೋರ್ಡ್ ವಿಷಯದಲ್ಲಿ ನನ್ನದು ಭಿನ್ನಾಭಿಪ್ರಾಯ. ಉಳಿದ ದಾರಿಯನ್ನೆಲ್ಲ ನೀವೇ ಓಡಿಸಿ, ಆದರೆ ಅದೊಂದು ದಿನ ಕಾರನ್ನು ದಾರಿಯಲ್ಲಿ ಸಿಗುವ ಟೆ ಆನೌ ಎಂಬ ಊರಿನಲ್ಲಿ ನಿಲ್ಲಿಸಿ ಪ್ರವಾಸಿ ಬಸ್ಸಿನಲ್ಲಿ ಹೋಗಿ. ನಕ್ಷೆಯಲ್ಲಿ ಕ್ವೀನ್ಸ್‌ಟೌನಿಗೂ ಮಿಲ್ಫೋರ್ಡಿಗೂ ನಡುವೆ ಒಂದು ಪರ್ವತಸಾಲು ಮಾತ್ರ ಕಾಣುತ್ತದೆ. ರಸ್ತೆ ಮಾತ್ರ ದಕ್ಷಿಣಕ್ಕಿಳಿದು, ಟೆ ಆನೌ ಮೂಲಕ ಸುತ್ತಿಕೊಂಡು ಹೋಗುವುದರಿಂದ ಒಂದು ಕಡೆಗೇ ಸುಮಾರು 290 ಕಿ.ಮೀ., ನಿಲ್ಲದೆ ಹೋದರೂ ನಾಲ್ಕು ಗಂಟೆ. ದೋಣಿಯ ವೇಳೆ ಮೊದಲೇ ಗೊತ್ತಾಗಿರುತ್ತದೆ. ಮಗುವಿಗೆ ವಾಂತಿಯಾಗಿ, ತಂದೆಯವರಿಗಾಗಿ ಎರಡು ಕಡೆ ನಿಲ್ಲಿಸಿ, ಕೊನೆಗೆ ದೋಣಿ ತಪ್ಪೀತೆಂದು ತಿರುವುಗಳಲ್ಲಿ ವೇಗ ಹೆಚ್ಚಿಸುವ ಪರಿಸ್ಥಿತಿ ಬರುವುದು ಇಲ್ಲಿಯೇ.

ಕಡೆಯ ಭಾಗದಲ್ಲಿ ಹೋಮರ್ ಸುರಂಗವಿದೆ. 1954ರಲ್ಲಿ ಸಂಚಾರಕ್ಕೆ ತೆರೆದ, 1.2 ಕಿ.ಮೀ. ಉದ್ದದ ಈ ಸುರಂಗದ ಗೋಡೆ ಕಡಿದ ಬಂಡೆ ಹೇಗಿತ್ತೋ ಹಾಗೆಯೇ ಉಳಿದಿದೆ. ಒಳಗೆ ಮಿಲ್ಫೋರ್ಡ್ ಕಡೆಗೆ ರಸ್ತೆ ಕಡಿದಾಗಿ ಇಳಿಯುತ್ತದೆ, ಬಿಸಿಲಿನಿಂದ ಒಳಹೊಕ್ಕಾಗ ಒಂದೆರಡು ಕ್ಷಣ ಕಣ್ಣಿಗೆ ಏನೂ ಹತ್ತುವುದಿಲ್ಲ. ಬೇಸಿಗೆಯ ಹಗಲಿನಲ್ಲಿ ಸಿಗ್ನಲ್ ದೀಪವಿಟ್ಟು ಒಂದೊಂದು ದಿಕ್ಕಿನವರನ್ನು ಸರದಿಯಂತೆ ಬಿಡುತ್ತಾರೆ. ಹಾಗೆ ಕಾಯುವಾಗ ಕಿಯಾ ಎಂಬ ಹಸಿರು ಗಿಳಿಗಳು ಕಾರಿನ ಮೇಲೆ ಬಂದು ಕೂತು ವೈಪರಿನ ರಬ್ಬರನ್ನೂ ಗಾಜಿನ ಅಂಚಿನ ರಬ್ಬರನ್ನೂ ಕೊಕ್ಕಿನಿಂದ ಕಿತ್ತು ಎಳೆಯುತ್ತವೆ. ನೋಡಲು ಚೆಂದ, ಆದರೆ ಕಾರು ಹಿಂದಿರುಗಿಸುವಾಗ ಆ ರಬ್ಬರಿನ ಲೆಕ್ಕ ನಿಮ್ಮದೇ. ಟೆ ಆನೌ ದಾಟಿದ ಮೇಲೆ ಬಹುತೇಕ ದಾರಿಯಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ. ನೀವೇ ಓಡಿಸುವಿರಾದರೆ ಅಲ್ಲಿಯೇ ಟ್ಯಾಂಕ್ ತುಂಬಿಸಿಕೊಂಡು ಹೊರಡಿ.

ಕಾವೇರಿತೀರ (ಮೈಸೂರು):

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಟೆ ಆನೌನಲ್ಲಿ ಎರಡು ರಾತ್ರಿ ಉಳಿದು ಮಿಲ್ಫೋರ್ಡಿಗೆ ಬಸ್ಸಿನಲ್ಲೇ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಅಪ್ಪನಿಗಂತೂ ಇದೇ ಹೆಚ್ಚು ಹಿಡಿಸಿದೆ. ಉಳಿದಿರುವುದು ಒಂದೇ ಅನುಮಾನ. ನನ್ನ ಕಾರು ಗೇರು ಬದಲಿಸುವ ಮಾದರಿಯದು, ಅಲ್ಲಿ ಸಿಗುವುವೆಲ್ಲ ಬಹುತೇಕ ಆಟೊಮ್ಯಾಟಿಕ್ ಎನ್ನುತ್ತಾರೆ. ಐದು ಜನ ಮತ್ತು ಸಾಮಾನುಗಳಿಗೆ ಎಷ್ಟು ದೊಡ್ಡ ಕಾರು ಬೇಕಾದೀತು?

ದಕ್ಷಿಣದ್ವೀಪವಾಸಿ (ಕ್ರೈಸ್ಟ್‌ಚರ್ಚ್):

ಆಟೊಮ್ಯಾಟಿಕ್ ಕಾರಿನಲ್ಲಿ ಎಡಗಾಲನ್ನು ಹಿಂದಕ್ಕೆ ಮಡಚಿ ಇಟ್ಟುಬಿಡಿ. ಗಾಬರಿಯಾದಾಗ ಆ ಕಾಲು ಕ್ಲಚ್ ಹುಡುಕಿಕೊಂಡು ಹೋಗಿ ಅಗಲವಾದ ಬ್ರೇಕ್ ಪೆಡಲನ್ನು ಜೋರಾಗಿ ತುಳಿದರೆ ಕಾರು ನಡುರಸ್ತೆಯಲ್ಲಿ ಗಕ್ಕನೆ ನಿಲ್ಲುತ್ತದೆ. ಮೈಸೂರಿನಲ್ಲೇ ಪರಿಚಯದವರ ಆಟೊಮ್ಯಾಟಿಕ್ ಕಾರನ್ನು ಒಂದು ಭಾನುವಾರ ಬೆಳಿಗ್ಗೆ ಓಡಿಸಿ ನೋಡಿದರೆ ಈ ಅಭ್ಯಾಸ ಅಲ್ಲಿಯೇ ಬಿಟ್ಟುಹೋಗುತ್ತದೆ. ಐದು ಸೀಟಿನ ಕಾರಿನಲ್ಲಿ ಚೈಲ್ಡ್ ಸೀಟಿನ ಪಕ್ಕ ಇಬ್ಬರು ದೊಡ್ಡವರು ಇಕ್ಕಟ್ಟಿನಲ್ಲಿ ಕೂರಬೇಕಾಗುತ್ತದೆ, ಡಿಕ್ಕಿಯಲ್ಲಿ ಐವರ ಪೆಟ್ಟಿಗೆಗಳೂ ಹಿಡಿಯಲಾರವು. ಏಳು ಸೀಟಿನದನ್ನು ತೆಗೆದುಕೊಂಡು ಹಿಂದಿನ ಸಾಲನ್ನು ಮಡಚಿ ಸಾಮಾನಿಡಿ. ಡಿಸೆಂಬರ್ ಕೊನೆ ಇಲ್ಲಿ ಬೇಸಿಗೆ ರಜೆಯ ಕಾಲವಾಗಿರುವುದರಿಂದ ದೊಡ್ಡ ಕಾರುಗಳು ಬೇಗ ಮುಗಿದುಹೋಗುತ್ತವೆ, ವಿಮಾನದ ಟಿಕೆಟ್ ಆದ ಕೂಡಲೇ ಕಾದಿರಿಸಿ.