ಕುಂಚದಿಂದ ಇಂಕಿಂಗ್ ಕಲಿಯುತ್ತಿದ್ದೇನೆ: ಗೆರೆ ಹದಕ್ಕೆ ಬರುತ್ತಿಲ್ಲ

ಕಡಲೂರು:

ನಮಸ್ಕಾರ. ಮಕ್ಕಳ ಕಥೆಗಳಿಗೆ ಕಪ್ಪು-ಬಿಳುಪು ಚಿತ್ರ ಬರೆದುಕೊಡುವ ಉದ್ದೇಶದಿಂದ ಈಚೆಗೆ ಕುಂಚ ಮತ್ತು ಇಂಡಿಯನ್ ಇಂಕ್ ಹಿಡಿದು ಇಂಕಿಂಗ್, ಅಂದರೆ ಪೆನ್ಸಿಲ್ ಚಿತ್ರದ ಮೇಲೆ ಮಸಿಯ ಗೆರೆ ಎಳೆಯುವ ಅಭ್ಯಾಸ ಮಾಡುತ್ತಿದ್ದೇನೆ. ಪೆನ್ಸಿಲ್ ಕೆಲಸ ಮೊದಲಿನಿಂದಲೂ ರೂಢಿಯಲ್ಲಿದೆ. ಅದ್ದಿ ಬರೆಯುವ ನಿಬ್ಬಿನಲ್ಲೂ ತಕ್ಕಮಟ್ಟಿನ ಹಿಡಿತವಿದೆ. ಆದರೆ ಕುಂಚ ಕೈಗೆ ಬಂದೊಡನೆ ಆ ಹಿಡಿತ ಯಾವ ಉಪಯೋಗಕ್ಕೂ ಬರುವುದಿಲ್ಲ. ಗೆರೆಯ ಮೊದಲಲ್ಲೇ ಮಸಿ ದಪ್ಪ ಬೊಟ್ಟಾಗಿ ಇಳಿಯುತ್ತದೆ, ನಡುವೆ ಕೈ ನಡುಗಿದ್ದು ಕಾಣುತ್ತದೆ, ಕೊನೆಯಲ್ಲಿ ಕೂದಲು ಸೀಳಿ ಒಂದು ಗೆರೆಯ ಜಾಗದಲ್ಲಿ ಎರಡು ಮೂಡುತ್ತವೆ.

ಬಳಸುತ್ತಿರುವುದು ಸಿಂಥೆಟಿಕ್ ಕೂದಲಿನ, ತೀರ ಸಪೂರವಾದ 000 ಸಂಖ್ಯೆಯ ಬ್ರಷ್, ಅಂಗಡಿಯಲ್ಲಿ ಸಿಗುವ ಸಾಮಾನ್ಯ ಡ್ರಾಯಿಂಗ್ ಶೀಟ್ ಮತ್ತು ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕ್. ಇರುವುದು ಮಂಗಳೂರಿನಲ್ಲಿ. ಮಳೆ ಹಿಡಿದ ಮೇಲೆ ಗೆರೆಯ ಅಂಚಿನಿಂದ ಮಸಿ ಸಣ್ಣ ಸಣ್ಣ ಎಳೆಗಳಾಗಿ ಕಾಗದದೊಳಗೆ ಹರಡುತ್ತಿದೆ.

ಇನ್ನೊಂದು ತೊಡಕು ಸಾಮಗ್ರಿಗೆ ಸಂಬಂಧಿಸಿದ್ದಲ್ಲ. ಪೆನ್ಸಿಲಿನಲ್ಲಿ ಲವಲವಿಕೆಯಿಂದಿದ್ದ ಚಿತ್ರ, ಮಸಿ ಹಾಕಿದ ಮೇಲೆ ಮರಗಟ್ಟಿಬಿಡುತ್ತದೆ. ಪೆನ್ಸಿಲ್ ಗೆರೆಯನ್ನು ಒಂದಿಷ್ಟೂ ಬಿಡದೆ, ಎಷ್ಟು ಜಾಗ್ರತೆಯಿಂದ ಅದರ ಮೇಲೆಯೇ ಸಾಗಿದರೂ ಫಲ ಅದೇ. ಕುಂಚದಂಥ ತುದಿಯಿರುವ ಬ್ರಷ್ ಪೆನ್ನಿನಲ್ಲಿ ಕಲಿತು ಆಮೇಲೆ ಕುಂಚಕ್ಕೆ ಬರುವುದು ಸರಿಯೇ ಎಂಬುದನ್ನೂ ಬಲ್ಲವರು ತಿಳಿಸಿಕೊಡಬೇಕಾಗಿ ವಿನಂತಿ.

ಗೆರೆಗಾರ:

ಕಡಲೂರು ಅವರೇ, ಮೊದಲು ಆ 000 ಬ್ರಷ್ಷನ್ನು ಪಕ್ಕಕ್ಕಿಡಿ. ಸಪೂರ ಗೆರೆಗೆ ಸಪೂರ ಬ್ರಷ್ ಬೇಕೆಂಬ ಎಣಿಕೆ ಸಹಜವೇ ಆದರೂ ಇಂಕಿಂಗ್‌ನಲ್ಲಿ ಅದು ನಡೆಯುವುದಿಲ್ಲ. ಗೆರೆ ಎಷ್ಟು ಸಪೂರ ಬರುತ್ತದೆ ಎಂಬುದು ಕೂದಲಿನ ತುದಿಗೆ ಬಿಟ್ಟದ್ದು. ಎಷ್ಟು ದೂರ ಹೋಗುತ್ತದೆ ಎಂಬುದು ಕುಂಚದ ಹೊಟ್ಟೆ, ಅಂದರೆ ಕೂದಲಿನ ನಡುವಿನ ದಪ್ಪ ಭಾಗ, ಹಿಡಿದಿಟ್ಟುಕೊಳ್ಳುವ ಮಸಿಗೆ ಬಿಟ್ಟದ್ದು. 000ರಲ್ಲಿ ಹೊಟ್ಟೆಯೆಂಬುದೇ ಇಲ್ಲ. ಒಂದು ತೋಳಿನ ಹೊರಗೆರೆ ಮುಗಿಯುವ ಮೊದಲೇ ಅದರ ಮಸಿ ಬತ್ತುತ್ತದೆ, ಬತ್ತಿದ ಕೂದಲು ಸೀಳುತ್ತದೆ. 2 ಅಥವಾ 3ನೇ ಸಂಖ್ಯೆಯ ದುಂಡು ಬ್ರಷ್, ತುದಿ ಸರಿಯಾಗಿ ಕೂಡುವಂಥದ್ದಾಗಿದ್ದರೆ, ಕಣ್ಣಿನ ರೆಪ್ಪೆಯಿಂದ ಜಡೆಯ ಗಟ್ಟಿ ಕಪ್ಪಿನವರೆಗೆ ಎಲ್ಲವನ್ನೂ ಬರೆಯುತ್ತದೆ.

ತುದಿಯನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ಹೊಸ ಬ್ರಷ್ಷಿನ ಕೂದಲನ್ನು ಅಂಟು ಹಾಕಿ ಚೂಪಾಗಿ ನಿಲ್ಲಿಸಿರುತ್ತಾರಾದ್ದರಿಂದ ಒಣಗಿದ ಬ್ರಷ್ಷಿನ ಚೆಲುವನ್ನು ನಂಬಬಾರದು. ಒಂದು ಲೋಟ ನೀರು ಕೇಳಿ, ಅಂಟು ಕರಗುವವರೆಗೆ ಅದ್ದಿ, ಒಮ್ಮೆ ಝಾಡಿಸಿ ನೋಡಿ. ಕೂದಲು ತಾನಾಗಿ ಒಂದೇ ಮೊನೆಗೆ ಬಂದು ನಿಂತರೆ ಕೊಳ್ಳಿ. ಲೋಟ ಕೊಡಲೊಪ್ಪದ ಅಂಗಡಿಯಲ್ಲಿ ದುಬಾರಿ ಬ್ರಷ್ ಕೊಳ್ಳುವ ಗೋಜಿಗೆ ನಾನಂತೂ ಹೋಗುವುದಿಲ್ಲ.

ಇಂಕಿಂಗ್ ಮಾಡುವವರ ಬಾಯಲ್ಲಿ ಬಹಳ ಕೇಳಿಬರುವ ಹೆಸರು ವಿನ್ಸರ್ ಅಂಡ್ ನ್ಯೂಟನ್ ಕಂಪನಿಯ ಸೀರೀಸ್ 7. ವಿಕ್ಟೋರಿಯಾ ರಾಣಿಗಾಗಿ 1866ರಲ್ಲಿ ತಯಾರಾದ ಈ ಕುಂಚಕ್ಕೆ, ಆಕೆಗೆ ಮೆಚ್ಚಾಗಿದ್ದ 7ನೇ ಅಳತೆಯಿಂದಲೇ ಆ ಹೆಸರು ಬಂತು. ಅದರ ಕೊಲಿನ್ಸ್ಕಿ ಕೂದಲು ಸೈಬೀರಿಯಾದ ವೀಸೆಲ್ ಎಂಬ ಪ್ರಾಣಿಯ ಬಾಲದ್ದು. ಒತ್ತಿದರೆ ಬಾಗುತ್ತದೆ, ಬಿಟ್ಟರೆ ಮೊನೆಗೆ ಮರಳುತ್ತದೆ. ಬೆಲೆ ಮಾತ್ರ ಕಲಿಯುವವರ ಕೈಗೆ ಎಟುಕುವಂಥದ್ದಲ್ಲ. ಅಭ್ಯಾಸಕ್ಕೆ ಒಳ್ಳೆಯ ಸಿಂಥೆಟಿಕ್ ಬ್ರಷ್ ಸಾಕು. ಅದರ ತುದಿ ಕೆಲವು ತಿಂಗಳಲ್ಲಿ ಕೊಕ್ಕೆಯಾಗಿ ಬಾಗುತ್ತದೆ. ಆಗ ಅದನ್ನು ಕಪ್ಪು ತುಂಬುವ ಕೆಲಸಕ್ಕೆ ಇಳಿಸಿ, ಗೆರೆಗೆ ಹೊಸದನ್ನು ತೆಗೆದುಕೊಂಡರಾಯಿತು. ಸಂದರ್ಭ ಬಂದದ್ದರಿಂದ ಒಂದು ಮಾತು: ಮುಂಗುಸಿಯ ಕೂದಲಿನ ಬ್ರಷ್ಷನ್ನು ಯಾರಾದರೂ ಗುಟ್ಟಾಗಿ ತೋರಿಸಿ ಹೊಗಳಿದರೆ ಬೇಡವೆಂದುಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದರ ವ್ಯಾಪಾರವೇ ಅಪರಾಧ. ಒಂದೊಂದು ಕಟ್ಟು ಬ್ರಷ್ಷಿನ ಹಿಂದೆ ಎಷ್ಟೋ ಪ್ರಾಣಿಗಳ ಜೀವ ಹೋಗಿರುತ್ತದೆ.

ಇನ್ನು ಮೊದಲಲ್ಲಿ ಬೀಳುವ ಬೊಟ್ಟು. ನೀವು ಕೂದಲನ್ನು ಬಹುಶಃ ಪೂರ್ತಿ ಮುಳುಗಿಸಿ ನೇರ ಕಾಗದಕ್ಕೆ ತರುತ್ತಿದ್ದೀರಿ. ಮುಕ್ಕಾಲು ಪಾಲಿಗಿಂತ ಹೆಚ್ಚು ಅದ್ದಬೇಡಿ. ಲೋಹದ ಕೊರಳಿನೊಳಗೆ ಮಸಿ ಹೊಕ್ಕು ಒಣಗಿದರೆ ಕೂದಲು ಬುಡದಲ್ಲೇ ಅಗಲಗೊಂಡು ತುದಿ ಮತ್ತೆಂದೂ ಕೂಡುವುದಿಲ್ಲ. ಅದ್ದಿದ ಮೇಲೆ ಬ್ರಷ್ಷನ್ನು ಬೆರಳುಗಳ ನಡುವೆ ಹೊರಳಿಸುತ್ತಾ ಮಸಿಪಾತ್ರೆಯ ಅಂಚಿಗೆ ಒರೆಸಿ, ಪಕ್ಕದ ಚೂರು ಕಾಗದದ ಮೇಲೆ ಒಂದೆರಡು ಗೆರೆ ಎಳೆದು, ಮೊನೆ ಬಂತೆಂದು ಖಚಿತವಾದ ಮೇಲೆಯೇ ಚಿತ್ರಕ್ಕೆ ತನ್ನಿ. ಪ್ರತಿ ಸಲವೂ ಹೀಗೆ ಮಾಡಬೇಕು. ಬೇಸರವೆನಿಸುವ ಈ ಕೆಲಸವೇ ಇಂಕಿಂಗ್‌ನ ಅರ್ಧ ಪಾಲು.

ಕೈ ನಡುಗುವುದು ನಿಧಾನದಿಂದ. ನಿಬ್ಬನ್ನು ಬೆರಳುಗಳಿಂದ ನಡೆಸಬಹುದು, ಏಕೆಂದರೆ ಲೋಹ ಕಾಗದಕ್ಕೆ ಊರಿಕೊಂಡು ಕೈಗೆ ಆಸರೆ ಕೊಡುತ್ತದೆ. ಕುಂಚದಲ್ಲಿ ಆ ಆಸರೆ ಇಲ್ಲದಿರುವುದರಿಂದ ಬೆರಳಿನ ಪ್ರತಿಯೊಂದು ಅದಿರಾಟವೂ ಗೆರೆಯ ದಪ್ಪದಲ್ಲಿ ದಾಖಲಾಗುತ್ತದೆ. ಹಿಡಿಯನ್ನು ಆದಷ್ಟು ನೆಟ್ಟಗೆ ನಿಲ್ಲಿಸಿ, ಕಿರುಬೆರಳನ್ನು ಮಾತ್ರ ಕಾಗದಕ್ಕೆ ತಾಗಿಸಿ, ಉದ್ದ ಗೆರೆಗಳನ್ನು ಮೊಣಕೈಯಿಂದ ಎಳೆಯಿರಿ. ಬಲಗೈಯವರಿಗೆ ಯಾವುದೋ ಒಂದು ದಿಕ್ಕಿನ ಬಾಗು, ಸಾಮಾನ್ಯವಾಗಿ ಮೈಕಡೆಗೆ ಎಳೆಯುವ ಬಾಗು, ಸರಾಗವಾಗಿ ಬರುತ್ತದೆ. ಆ ದಿಕ್ಕಿಗೆ ಸಿಗುವಂತೆ ಕಾಗದವನ್ನು ತಿರುಗಿಸುತ್ತಾ ಹೋಗಿ, ಕೈಯನ್ನು ತಿರುಚಬೇಡಿ. ಹಾಳೆಯನ್ನು ಮೇಜಿಗೆ ಅಂಟಿಸಿ ಬರೆಯುವ ಅಭ್ಯಾಸವಿದ್ದರೆ ಅದನ್ನು ಬಿಡಬೇಕಾಗುತ್ತದೆ.

ಮರಗಟ್ಟುವ ವಿಚಾರ ಇವೆಲ್ಲಕ್ಕಿಂತ ಮುಖ್ಯವಾದದ್ದು. ನೀವು ಪೆನ್ಸಿಲ್ ಗೆರೆಯನ್ನು ತಿದ್ದುತ್ತಿದ್ದೀರಿ, ಚಿತ್ರವನ್ನು ಬರೆಯುತ್ತಿಲ್ಲ. ಪೆನ್ಸಿಲಿನಲ್ಲಿ ಒಂದು ಭುಜಕ್ಕೆ ನಾಲ್ಕಾರು ಮಸುಕು ಗೆರೆಗಳಿರುತ್ತವೆ ಮತ್ತು ಆ ಲವಲವಿಕೆ ಅವುಗಳ ನಡುವಿನ ಅನಿಶ್ಚಯದಿಂದಲೇ ಬಂದಿರುತ್ತದೆ. ಅವುಗಳಲ್ಲೊಂದನ್ನು ಆರಿಸಿ ಒಂದೇ ದಪ್ಪದಲ್ಲಿ ಕಪ್ಪು ಮಾಡಿದಾಗ ಉಳಿಯುವುದು ಬರಿಯ ಅಂಚು. ಸೀರೆಯ ನೆರಿಗೆಯನ್ನು ತೆಗೆದುಕೊಳ್ಳಿ. ಸೊಂಟದಲ್ಲಿ ಸಿಕ್ಕಿಸಿದ ಜಾಗದಲ್ಲಿ ತುದಿಯನ್ನಷ್ಟೇ ತಾಗಿಸಿ ಹೊರಡಬೇಕು, ಬಟ್ಟೆ ತನ್ನ ಭಾರಕ್ಕೆ ಇಳಿಬೀಳುವಲ್ಲಿ ಕುಂಚವನ್ನು ಒತ್ತುತ್ತಾ ಹೋಗಿ ಹೊಟ್ಟೆಯವರೆಗೂ ಬಾಗಿಸಬೇಕು, ಅಂಚು ಪಾದಕ್ಕೆ ತಾಗುವ ಮೊದಲು ಚಲನೆಯನ್ನು ನಿಲ್ಲಿಸದೆ ಮೇಲೆತ್ತಿಬಿಡಬೇಕು. ಆ ಒಂದು ಎಳೆತದಲ್ಲಿ ಬಟ್ಟೆಯ ತೂಕವೂ ನೆರಳೂ ಒಟ್ಟಿಗೆ ಬರುತ್ತವೆ. ಪೆನ್ಸಿಲಿನಲ್ಲಿ ಆ ನೆರಿಗೆ ಎಲ್ಲಿ ಶುರು, ಎಲ್ಲಿ ಕೊನೆ ಎಂಬ ಗುರುತು ಮಾತ್ರ ಇದ್ದರೆ ಸಾಕು. ಕೂದಲು, ನೆರಿಗೆ, ಎಲೆಗಳಂಥವನ್ನು ಪೆನ್ಸಿಲಿನಲ್ಲಿ ಪೂರೈಸದೆ ಕುಂಚಕ್ಕೇ ಉಳಿಸಿಕೊಳ್ಳಿ.

ಮಸಿಕುಡಿಕೆ:

ಗೆರೆಗಾರರು ಕಾಗದದ ಸುದ್ದಿ ಎತ್ತಲಿಲ್ಲವಾದ್ದರಿಂದ ನಾನು ಎತ್ತುತ್ತೇನೆ. ಕರಾವಳಿಯ ಮಳೆಗಾಲದಲ್ಲಿ ಎಳೆ ಹರಡುವುದಕ್ಕೆ ನಿಮ್ಮ ಕೈ ಕಾರಣವಲ್ಲ. ಕಾಗದದ ನಾರು ನೀರು ಹೀರದಿರಲೆಂದು ತಯಾರಿಕೆಯಲ್ಲಿ ಸೇರಿಸುವ ಅಂಟಿನಂಥ ಲೇಪ ಅಗ್ಗದ ಹಾಳೆಗಳಲ್ಲಿ ಮೊದಲೇ ಕಡಿಮೆ. ತೇವದಲ್ಲಿಟ್ಟರೆ ಇರುವಷ್ಟೂ ದುರ್ಬಲವಾಗುತ್ತದೆ. ಆಗ ಮಸಿ ಮೇಲೆ ನಿಲ್ಲದೆ ನಾರುಗಳ ಜಾಡು ಹಿಡಿದು ಓಡುತ್ತದೆ. ದಪ್ಪನೆಯ ಬ್ರಿಸ್ಟಲ್ ಬೋರ್ಡ್ ಅಥವಾ ನುಣುಪು ಮೈಯ ಹಾಟ್ ಪ್ರೆಸ್ ಜಲವರ್ಣ ಕಾಗದ ತೆಗೆದುಕೊಳ್ಳಿ. ಖರ್ಚು ಹೆಚ್ಚೆನಿಸಿದರೆ ಮುದ್ರಣದವರು ಬಳಸುವ ದಪ್ಪ ಐವರಿ ಶೀಟ್ ಅಭ್ಯಾಸಕ್ಕೆ ಒದಗುತ್ತದೆ. ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಕಟ್ಟಿಟ್ಟು, ಬೇಕಾದಷ್ಟನ್ನೇ ಹೊರತೆಗೆಯಿರಿ. ಎಣ್ಣೆ ಮೆತ್ತಿದ ಕೈ ತಾಗಿದ ಹಾಳೆಯ ಮೇಲೆ ಮಸಿ ಹಿಡಿಯುವುದಿಲ್ಲ ಎಂಬುದನ್ನೂ ಮನೆಯವರಿಗೆ ಹೇಳಿಡಿ. ಅಂಗೈಯ ಬೆವರು, ಎಣ್ಣೆಯಂಶಗಳದ್ದೂ ಅದೇ ಕಥೆ. ಅಂಗೈ ಅಡಿಗೆ ಒಂದು ಚೂರು ಕಾಗದವಿರಲಿ.

ಮಸಿಯ ವಿಷಯ. ವಾಟರ್‌ಪ್ರೂಫ್ ಇಂಡಿಯನ್ ಇಂಕಿನಲ್ಲಿ ಇರುವುದು ಇಂಗಾಲದ ಅತಿ ಸಣ್ಣ ಕಣಗಳು ಮತ್ತು ಅವನ್ನು ಕಾಗದಕ್ಕೆ ಕಚ್ಚಿಸುವ ಅರಗು. ಅರಗು ಬರಿ ನೀರಿನಲ್ಲಿ ಕರಗದು, ಬೋರಾಕ್ಸ್‌ನಂಥ ಕ್ಷಾರ ಸೇರಿಸಿದ ನೀರಿನಲ್ಲಿ ಕರಗುತ್ತದೆ. ಒಮ್ಮೆ ಒಣಗಿದ ಮೇಲೆ ಅದರ ಮೇಲೆ ಜಲವರ್ಣ ಬಳಿದರೂ ಕದಲದಿರುವುದು ಇದರಿಂದ. ಕುಂಚದಲ್ಲಿ ಒಣಗಿದ ಮಸಿ ಬರಿ ನೀರಿಗೆ ಬಿಡದಿರುವುದೂ ಇದರಿಂದಲೇ. ಶಾಯಿ ಪೆನ್ನಿನ ಇಂಕ್ ಬಣ್ಣ ಕರಗಿಸಿದ ನೀರಾದ್ದರಿಂದ ಕುಂಚಕ್ಕೆ ಹಿತ, ಆದರೆ ನೀರು ತಾಗಿದರೆ ಹರಡುತ್ತದೆ, ಬಿಸಿಲಿಗೆ ಮಾಸುತ್ತದೆ. ಹಾಗೆಂದು ಇಂಡಿಯನ್ ಇಂಕನ್ನು ಶಾಯಿ ಪೆನ್ನಿಗೆ ತುಂಬಿದಿರೋ, ಪೆನ್ನಿನ ಆಸೆ ಬಿಟ್ಟಂತೆಯೇ.

ದೊಡ್ಡ ಬಾಟಲಿಯಿಂದ ನೇರವಾಗಿ ಅದ್ದುವ ಬದಲು ಚಿಕ್ಕ ಕುಡಿಕೆಗೆ ಒಂದಿಷ್ಟು ಸುರಿದುಕೊಳ್ಳಿ. ತೆರೆದಿಟ್ಟ ಮಸಿಯ ನೀರು ಆರಿ ಅದು ಮಂದವಾಗುತ್ತದೆ. ಬೆಂಗಳೂರಿನ ಮಾರ್ಚ್ ತಿಂಗಳಲ್ಲಿ, ಫ್ಯಾನಿನ ಕೆಳಗೆ, ಬಹಳ ಬೇಗ. ಗೆರೆ ಎಳೆಯುವಾಗ ಕುಂಚ ಹಿಂದಕ್ಕೆ ಜಗ್ಗಿದಂತೆನಿಸಿದರೆ ಡಿಸ್ಟಿಲ್ಡ್ ವಾಟರಿನ ಒಂದೆರಡು ಹನಿ ಸೇರಿಸಿ. ಹೆಚ್ಚಾದರೆ ಕಪ್ಪು ಬೂದುಬಣ್ಣಕ್ಕೆ ತಿರುಗುತ್ತದೆ.

ಅಚ್ಚುಮನೆ:

ಮುದ್ರಣದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಕುಂಚದ ಗೆರೆಯ ಸೊಗಸೆಂದು ನಾವು ಮೆಚ್ಚುವ ಎಷ್ಟೋ ಗುಣಗಳು ಅಚ್ಚಿನ ಅನಿವಾರ್ಯದಿಂದ ಬೆಳೆದವು. ಪತ್ರಿಕೆಗಳು ಜಿಂಕ್ ಬ್ಲಾಕಿನಲ್ಲಿ, ಅಂದರೆ ಸತುವಿನ ಅಚ್ಚುಫಲಕದಲ್ಲಿ, ಚಿತ್ರ ಮುದ್ರಿಸುತ್ತಿದ್ದ ಕಾಲದಲ್ಲಿ ಗೆರೆಚಿತ್ರಗಳ ಲೈನ್ ಬ್ಲಾಕಿಗೆ ಗೊತ್ತಿದ್ದದ್ದು ಕಪ್ಪು ಮತ್ತು ಬಿಳುಪು ಮಾತ್ರ. ನಡುವಿನ ಬೂದು ಬೇಕೆಂದರೆ ಚುಕ್ಕಿಗಳ ಹಾಫ್‌ಟೋನ್ ಬ್ಲಾಕ್ ಮಾಡಿಸಬೇಕಿತ್ತು. ಚಿತ್ರವನ್ನು ದೊಡ್ಡದಾಗಿ ಬರೆದು, ಕ್ಯಾಮೆರಾದಲ್ಲಿ ಕಿರಿದುಗೊಳಿಸಿ ಬ್ಲಾಕ್ ಮಾಡುತ್ತಿದ್ದುದರಿಂದ ತೀರ ಸಪೂರ ಗೆರೆಗಳು ಮುರಿದುಹೋಗುತ್ತಿದ್ದವು, ಒತ್ತೊತ್ತಾದ ಗೆರೆಗಳ ಸಂದಿಗೆ ಮಸಿ ತುಂಬಿಕೊಳ್ಳುತ್ತಿತ್ತು. ಒರಟು ನ್ಯೂಸ್‌ಪ್ರಿಂಟಿನ ಮೇಲೆ ಸ್ಪಷ್ಟವಾಗಿ ಉಳಿಯುತ್ತಿದ್ದದ್ದು ಗಟ್ಟಿ ಕಪ್ಪು, ಬಿಚ್ಚು ಬಿಳುಪು, ನಡುವೆ ದಪ್ಪವಾಗಿ ಏರಿಳಿಯುವ ಗೆರೆ. ಕುಂಚ ಕೊಡುವುದು ಅದನ್ನೇ.

ಮೈಸೂರಿನಲ್ಲಿ 1921ರಲ್ಲಿ ಹುಟ್ಟಿ, ಹಾಸ್ಯಲೇಖಕ ರಾಶಿಯವರು 1942ರಲ್ಲಿ ಆರಂಭಿಸಿದ ಹಾಸ್ಯಪತ್ರಿಕೆ ‘ಕೊರವಂಜಿ’ಗೂ ಚಿತ್ರ ಬರೆದಿದ್ದ ಆರ್.ಕೆ. ಲಕ್ಷ್ಮಣ್ ಅವರ ವ್ಯಂಗ್ಯಚಿತ್ರಗಳನ್ನು ಭೂತಗನ್ನಡಿ ಹಿಡಿದು ನೋಡಿ. ಮಂತ್ರಿಯ ಧೋತರದ ಅಂಚು, ಕುರ್ಚಿಯ ಕಾಲು, ಛತ್ರಿಯ ಬಟ್ಟೆ ಎಲ್ಲೆಡೆಯೂ ಕುಂಚ ಒತ್ತಿದ್ದು, ಎತ್ತಿದ್ದು ಕಾಣುತ್ತದೆ. ಅವರಿಗೆ ಅಚ್ಚುಮೆಚ್ಚಾಗಿದ್ದ ಕಾಗೆಗಳನ್ನಂತೂ ಕಪ್ಪಿನ ಪಾಠವೆಂದೇ ನೋಡಬೇಕು. ಕಡಲೂರು ಅವರು ಇವನ್ನು ನಕಲು ಮಾಡಿ ಅಭ್ಯಾಸ ಮಾಡುವುದಾದರೆ ಗೆರೆಗಳಿಂದ ಶುರು ಮಾಡದೆ ಕಪ್ಪಿನ ತುಂಡುಗಳನ್ನು ಮೊದಲು ಇಡಲಿ: ಎಲ್ಲೆಲ್ಲಿ ಗಟ್ಟಿ ಕಪ್ಪು ಬಿದ್ದಿದೆ, ಕಣ್ಣು ಒಂದು ಕಪ್ಪಿನಿಂದ ಇನ್ನೊಂದಕ್ಕೆ ಹೇಗೆ ಹಾಯುತ್ತದೆ ಎಂದು. ಮರಗಟ್ಟಿದ ಚಿತ್ರಗಳಲ್ಲಿ ಹೆಚ್ಚಿನವಕ್ಕೆ ಗೆರೆಯ ದೋಷಕ್ಕಿಂತ ಕಪ್ಪಿನ ಕೊರತೆಯೇ ಕಾರಣವೆಂಬುದು ನನ್ನ ಅಭಿಪ್ರಾಯ. ಈ ಮಟ್ಟಿಗೆ ಗೆರೆಗಾರರೊಡನೆ ನನ್ನ ಭಿನ್ನಮತವಿದೆ.

ಈಗಲೂ ಪುಸ್ತಕಕ್ಕೆ ಕೊಡುವಾಗ ಮುದ್ರಣದ ಅಳತೆಯ ಒಂದೂವರೆ ಪಟ್ಟು ಬರೆಯುವುದು ಒಳ್ಳೆಯದು. ಕಿರಿದಾದಾಗ ಸಣ್ಣಪುಟ್ಟ ನಡುಕ ಅಡಗುತ್ತದೆ. ಸ್ಕ್ಯಾನ್ 600 ಡಿಪಿಐಗಿಂತ ಕಡಿಮೆ ಬೇಡ.

ಹಾದಿಬದಿ:

ಬ್ರಷ್ ಪೆನ್ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಫೆಲ್ಟ್ ತುದಿಯದ್ದು ಬೇರೆ, ನಿಜವಾದ ನೈಲಾನ್ ಕೂದಲಿನದ್ದು ಬೇರೆ. ಪೆಂಟೆಲ್ ಪಾಕೆಟ್ ಬ್ರಷ್‌ನಂಥ ಕೂದಲಿನ ಪೆನ್ನಿನಲ್ಲಿ ಒತ್ತುವ-ಎತ್ತುವ ಅಭ್ಯಾಸ ಚೆನ್ನಾಗಿಯೇ ಆಗುತ್ತದೆ. ಬಸ್ ನಿಲ್ದಾಣದಲ್ಲಿ ಕುಳಿತೂ ಬರೆಯಬಹುದು. ಅದು ಕಲಿಸದಿರುವುದು ಮಸಿ ತುಂಬಿಸಿಕೊಳ್ಳುವ ಹದವನ್ನು, ಏಕೆಂದರೆ ಕಾರ್ಟ್ರಿಜ್ ಆ ಕೆಲಸವನ್ನು ತಾನೇ ಮಾಡುತ್ತದೆ. ಆದ್ದರಿಂದ ಒಂದರ ನಂತರ ಇನ್ನೊಂದು ಎನ್ನದೆ ಎರಡನ್ನೂ ಜೊತೆಗೇ ನಡೆಸಿ ಎಂಬುದು ನನ್ನ ಸಲಹೆ.

ಕಡಲೂರು:

ಎಲ್ಲರಿಗೂ ಕೃತಜ್ಞತೆಗಳು. 3ನೇ ಸಂಖ್ಯೆಯ ಬ್ರಷ್ಷಿನಲ್ಲಿ ನೆರಿಗೆಯ ಎಳೆತವನ್ನು ಮಾಡಿ ನೋಡಿದೆ. ಎತ್ತುವ ಭಾಗ ಬರುತ್ತಿದೆ, ಒತ್ತುವಲ್ಲಿ ಇನ್ನೂ ಧೈರ್ಯ ಸಾಲದು. ಎರಡು ಸಣ್ಣ ಸಂದೇಹಗಳು ಉಳಿದಿವೆ. ಪೆನ್ಸಿಲ್ ಅಳಿಸಿದಾಗ ಕಪ್ಪು ಮಂಕಾಗುವುದನ್ನು ತಪ್ಪಿಸುವುದು ಹೇಗೆ? ಕೆಲಸ ಮುಗಿದ ಮೇಲೆ ಬ್ರಷ್ಷನ್ನು ತೊಳೆಯುವ ಸರಿಯಾದ ಕ್ರಮ ಯಾವುದು?

ಗೆರೆಗಾರ:

ರಬ್ಬರ್ ಮೇಲಿನ ಕಣಗಳನ್ನು ಎತ್ತುವುದರಿಂದ ಕಪ್ಪು ಮಂಕಾಗುತ್ತದೆ. ಮಳೆಗಾಲದಲ್ಲಿ ಒಂದು ರಾತ್ರಿ ಆರಲು ಬಿಟ್ಟು, ನಾದಿದ ಹಿಟ್ಟಿನಂತಿರುವ ನೀಡೆಡ್ ಎರೇಸರನ್ನು ಉಜ್ಜದೆ ಒತ್ತಿ ಒತ್ತಿ ತೆಗೆಯಿರಿ. ಮಂಕಾದ ದೊಡ್ಡ ಕಪ್ಪುಗಳಿಗೆ ಇನ್ನೊಂದು ಕೈ ಮಸಿ ಹಾಕಿ. ತಿಳಿ ನೀಲಿ ಪೆನ್ಸಿಲಿನಲ್ಲಿ ಬರೆದುಕೊಂಡರೆ ಅಳಿಸುವ ಗೋಜೇ ಇಲ್ಲ, ಸ್ಕ್ಯಾನಿನಲ್ಲಿ ಆ ಬಣ್ಣವನ್ನು ತೆಗೆದುಹಾಕಬಹುದು.

ಬ್ರಷ್ಷನ್ನು ಕೆಲಸದ ನಡುವೆಯೂ ಆಗಾಗ ನೀರಿನಲ್ಲಿ ಅಲುಗಿಸಿ ಒರೆಸುತ್ತಿರಬೇಕು. ಮುಗಿದ ಮೇಲೆ ತಣ್ಣೀರಿನಲ್ಲಿ ತೊಳೆದು, ಒದ್ದೆ ಕೂದಲನ್ನು ಮೈಸೋಪಿನ ಮೇಲೆ ಒಂದೇ ದಿಕ್ಕಿಗೆ ಸವರಿ ಅಂಗೈಯಲ್ಲಿ ನೊರೆ ಬರಿಸಿ. ನೊರೆಯಲ್ಲಿ ಬೂದು ಬಣ್ಣ ಕಾಣುವವರೆಗೂ ಮಸಿ ಒಳಗಿದೆ ಎಂದರ್ಥ; ಬುಡದ ಹತ್ತಿರ ಉಗುರಿನಿಂದ ಮೆಲ್ಲಗೆ ಒತ್ತಿದರೆ ಇನ್ನಷ್ಟು ಹೊರಬರುತ್ತದೆ. ಕೊನೆಗೆ ಬೆರಳಿನಿಂದ ಮೊನೆ ತಿದ್ದಿ ಅಡ್ಡಲಾಗಿ ಮಲಗಿಸಿ ಒಣಗಿಸಿ. ಒದ್ದೆ ಬ್ರಷ್ಷನ್ನು ತಲೆಮೇಲಾಗಿ ಲೋಟದಲ್ಲಿ ನಿಲ್ಲಿಸಿದರೆ ನೀರು ಕೊರಳಿನೊಳಗೆ ಇಳಿಯುತ್ತದೆ. ಪೂರ್ತಿ ಒಣಗುವ ಮೊದಲು ಮುಚ್ಚಳವಿರುವ ಡಬ್ಬಿಗೆ ಹಾಕಬೇಡಿ, ನಿಮ್ಮ ಊರಿನ ಜುಲೈಯಲ್ಲಿ ಬೂಷ್ಟು ಹಿಡಿಯುವುದು ಖಚಿತ.