ಹಲಸಿನ ಹಲಗೆಯಿಂದ ವೆನಿಯರ್ ಸೀಳಿದರೆ ಹಾಳೆ ಹೊಟ್ಟೆ ಬಿಡುತ್ತಿದೆ: ಬ್ಯಾಂಡ್ ಸಾಗೆ ಯಾವ ಬ್ಲೇಡ್ ಹಾಕಬೇಕು?

ಪ್ರಶ್ನೆ (ಬಸವನಗುಡಿ)

ಎಲ್ಲರಿಗೂ ನಮಸ್ಕಾರ. ಊರಿನಲ್ಲಿದ್ದ ಅಜ್ಜಿಯ ತೊಟ್ಟಿಮನೆಯನ್ನು ಕೆಡವಿದಾಗ ಅಡುಗೆಮನೆ ಬಾಗಿಲಿನ ಒಂದು ಹಲಸಿನ ಹಲಗೆಯನ್ನು ಉಳಿಸಿಕೊಂಡು ಬಂದೆ. ಉದ್ದ 900 ಮಿ.ಮೀ., ಅಗಲ 145 ಮಿ.ಮೀ. ಮೂಲದಲ್ಲಿ 40 ಮಿ.ಮೀ. ದಪ್ಪವಿತ್ತು, ಒಂದು ಮುಖವನ್ನು ರಂದ ಹೊಡೆದ ಮೇಲೆ 38 ಉಳಿದಿದೆ. ನಾವು ಮೂವರು ಮಕ್ಕಳು. ಒಬ್ಬೊಬ್ಬರಿಗೂ ಒಂದು ಪೆಟ್ಟಿಗೆ ಮಾಡಿ, ಮುಚ್ಚಳದ ಮೇಲೆ ಇದೇ ಮರದ ಎರಡೆರಡು ಹಾಳೆಗಳನ್ನು ಪುಸ್ತಕ ತೆರೆದಂತೆ ಎದುರುಬದುರು ಅಂಟಿಸಬೇಕೆಂಬ ಆಸೆ. ಅಂದರೆ ಕನಿಷ್ಠ ಆರು ಹಾಳೆ ಬೇಕು.

ನನ್ನ ಬ್ಯಾಂಡ್ ಸಾ (ಎರಡು ಚಕ್ರಗಳ ಸುತ್ತ ಪಟ್ಟಿಯಂಥ ಬ್ಲೇಡ್ ಓಡುವ ಗರಗಸ ಯಂತ್ರ) 14 ಇಂಚಿನ ಚಕ್ರದ್ದು, ಒಂದೂವರೆ ಎಚ್‌ಪಿ. ಅಗಲವಾದ ಬ್ಲೇಡ್ ನೆಟ್ಟಗೆ ಕತ್ತರಿಸುತ್ತದೆ ಎಂದು ಕೇಳಿ ಮುಕ್ಕಾಲು ಇಂಚಿನ ಹೊಸ ಬ್ಲೇಡ್ ತಂದೆ. ಮೊದಲು ಬೇರೊಂದು ಹಲಸಿನ ತುಂಡಿನ ಮೇಲೆ ಪರೀಕ್ಷೆ ಮಾಡಿದೆ. ಹಾಳೆಯ ಎರಡೂ ಅಂಚಿನಲ್ಲಿ ಎರಡೂವರೆ ಮಿ.ಮೀ. ಬಂತು, ನಡುವೆ ನಾಲ್ಕು! ಸುಟ್ಟ ವಾಸನೆಯೂ ಬರುತ್ತದೆ. ಇರುವುದು ಒಂದೇ ಹಲಗೆ. ಕೆಡಿಸಿದರೆ ಇನ್ನೊಂದು ಸಿಗುವುದಿಲ್ಲ. ದಯವಿಟ್ಟು ದಾರಿ ತೋರಿಸಿ.

ಉತ್ತರ (ಪೀಣ್ಯ)

ಮೇಡಂ, ಆ ಹಲಗೆಯನ್ನು ಸದ್ಯಕ್ಕೆ ಮುಟ್ಟಬೇಡಿ. ಮೂರು ವಿಷಯ ತಿಳಿಸಿ. ಬ್ಲೇಡಿನ ಒಂದು ಇಂಚಿನಲ್ಲಿ ಎಷ್ಟು ಹಲ್ಲುಗಳಿವೆ? ಬ್ಲೇಡಿನ ದಪ್ಪ ಎಷ್ಟು? ಉದುರುವ ಪುಡಿ ರವೆಯಂತಿದೆಯೋ, ಮೈದಾ ಹಿಟ್ಟಿನಂತಿದೆಯೋ?

ಪ್ರಶ್ನೆ ಕೇಳಿದವರು

ಎಣಿಸಿದೆ, ಹತ್ತು ಹಲ್ಲು. ಕ್ಯಾಲಿಪರ್‌ನಲ್ಲಿ ದಪ್ಪ 0.9 ಮಿ.ಮೀ. ಪುಡಿ ಮೈದಾದಂತೆ ನುಣ್ಣಗಿದೆ, ಮುಟ್ಟಿದರೆ ಬಿಸಿ. ಅಂಗಡಿಯವರು ಸುರುಳಿಯಿಂದ ನನ್ನ ಅಳತೆಗೆ ಕತ್ತರಿಸಿ ವೆಲ್ಡ್ ಮಾಡಿಕೊಟ್ಟರು. ಬೈ-ಮೆಟಲ್ (ಎರಡು ಬಗೆಯ ಉಕ್ಕು ಬೆಸೆದದ್ದು), ಬಹಳ ದಿನ ಬಾಳುತ್ತದೆ ಎಂದರು.

ಉತ್ತರ (ಪೀಣ್ಯ)

ನಿಮಗೆ ಸಿಕ್ಕಿರುವುದು ಕಬ್ಬಿಣ ಕತ್ತರಿಸುವ ಬ್ಲೇಡ್. ನಮ್ಮ ಊರಿನಲ್ಲಿ ಬ್ಯಾಂಡ್ ಸಾ ಬ್ಲೇಡ್ ಕೇಳುವವರಲ್ಲಿ ಹೆಚ್ಚಿನವರು ವರ್ಕ್‌ಶಾಪ್‌ನವರು. ಮರಕ್ಕೆ ಎಂದು ಒತ್ತಿ ಹೇಳದಿದ್ದರೆ ಕೈಗೆ ಬರುವುದು ಇದೇ. ಬೈ-ಮೆಟಲ್ ಎಂಬುದರಲ್ಲಿ ತಪ್ಪೇನಿಲ್ಲ, ಮರಕ್ಕೂ ಬೈ-ಮೆಟಲ್ ಬ್ಲೇಡ್ ಬರುತ್ತದೆ. ತಪ್ಪಿರುವುದು ಹಲ್ಲಿನ ಲೆಕ್ಕದಲ್ಲಿ.

145 ಮಿ.ಮೀ. ಅಗಲದ ಹಲಗೆಯೊಳಗೆ ನಿಮ್ಮ ಬ್ಲೇಡಿನ 57 ಹಲ್ಲುಗಳು ಒಟ್ಟಿಗೆ ಕೂರುತ್ತವೆ. ಎರಡು ಹಲ್ಲುಗಳ ನಡುವಿನ ಕುಳಿ ಇರುವುದೇ ಪುಡಿಯನ್ನು ಹೊತ್ತು ಕೆಳಗೆ ಸುರಿಯಲು. ಹತ್ತು ಹಲ್ಲಿನ ಬ್ಲೇಡಿನಲ್ಲಿ ಆ ಕುಳಿ ಎಳ್ಳಿನಷ್ಟು. ಅರ್ಧ ದಾರಿಯಲ್ಲೇ ತುಂಬಿಹೋಗುತ್ತದೆ. ಆಮೇಲೆ ಹಲ್ಲು ಕತ್ತರಿಸುವುದಿಲ್ಲ, ಉಜ್ಜುತ್ತದೆ. ಬಿಸಿ, ಸುಟ್ಟ ವಾಸನೆ, ಮೈದಾದಂಥ ಪುಡಿ ಬರುವುದು ಅದರಿಂದ. ಕತ್ತರಿಸದ ಬ್ಲೇಡನ್ನು ನೀವು ಹಿಂದಿನಿಂದ ತಳ್ಳುತ್ತಲೇ ಇರುತ್ತೀರಿ. ಬ್ಲೇಡ್ ಅಲುಗದಂತೆ ತಡೆಯುವ ಗೈಡ್‌ಗಳು ಹಲಗೆಯ ಮೇಲೊಂದು, ಕೆಳಗೊಂದು ಅದನ್ನು ಹಿಡಿದಿವೆ. ನಡುಭಾಗಕ್ಕೆ ಬಾಗುವುದೊಂದೇ ದಾರಿ. ಅದೇ ನಿಮ್ಮ ನಾಲ್ಕು ಮಿ.ಮೀ. ಹೊಟ್ಟೆ.

ಬೇಕಾದದ್ದು ಇಂಚಿಗೆ 3 ಹಲ್ಲಿನ, ಕೊಕ್ಕೆಯಂತೆ ಮುಂದಕ್ಕೆ ಬಾಗಿದ ಹಲ್ಲಿನ ಬ್ಲೇಡ್. ಆಗ ಮರದೊಳಗೆ 17 ಹಲ್ಲು ಮಾತ್ರ ಇರುತ್ತವೆ, ಒಂದೊಂದರ ಮುಂದೆಯೂ ವಿಶಾಲವಾದ ಕುಳಿ. ಹಲ್ಲುಗಳ ಅಂತರ 2ರಿಂದ 3ರವರೆಗೆ ಬದಲಾಗುತ್ತಾ ಹೋಗುವ ಬ್ಲೇಡ್ ಸಿಕ್ಕರೆ ಇನ್ನೂ ಒಳ್ಳೆಯದು. ಒಂದೇ ತಾಳದ ನಡುಕ ಹುಟ್ಟುವುದಿಲ್ಲವಾದ್ದರಿಂದ ಮೈ ನುಣುಪಾಗಿ ಬರುತ್ತದೆ.

ಅಗಲದ ವಿಷಯ. ಯಂತ್ರದ ಮೇಲೆ ಮುಕ್ಕಾಲು ಇಂಚಿನವರೆಗೆ ಎಂದು ಬರೆದಿರುತ್ತದೆ. ಅಷ್ಟು ಅಗಲದ್ದು ಚಕ್ರದ ಮೇಲೆ ಕೂರುತ್ತದೆ ಎಂಬುದಷ್ಟೇ ಅದರ ಅರ್ಥ. ಅದನ್ನು ಬಿಗಿಯಾಗಿ ಎಳೆದು ನಿಲ್ಲಿಸುವ ಶಕ್ತಿ 14 ಇಂಚಿನ ಯಂತ್ರದ ಸ್ಪ್ರಿಂಗ್‌ಗೂ ಚೌಕಟ್ಟಿಗೂ ಸಾಮಾನ್ಯವಾಗಿ ಇರುವುದಿಲ್ಲ. ಚೆನ್ನಾಗಿ ಎಳೆದ ಅರ್ಧ ಇಂಚು, ಸಡಿಲವಾಗಿ ಕೂತ ಮುಕ್ಕಾಲು ಇಂಚಿಗಿಂತ ನೆಟ್ಟಗೆ ಹೋಗುತ್ತದೆ. ದಪ್ಪವೂ ಮುಖ್ಯ. 0.9 ಮಿ.ಮೀ. ಪಟ್ಟಿ ಈ ಸಣ್ಣ ಚಕ್ರದ ಸುತ್ತ ಬಾಗಿ ಬಾಗಿ ಹಲ್ಲಿನ ಬುಡದಲ್ಲಿ ಬಿರುಕು ಬಿಡುತ್ತದೆ. ಅರ್ಧ ಇಂಚು ಅಗಲ, 0.6 ಮಿ.ಮೀ. ದಪ್ಪ, 3 ಹಲ್ಲು: ಹೀಗೆಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಮರಕ್ಕೆ ಎಂದು ಮೊದಲೇ ಹೇಳಿ.

ಉತ್ತರ (ಮೈಸೂರು ರಸ್ತೆ)

ಮೇಲಿನವರು ಹೇಳಿದ್ದು ಸರಿ. ಕಾರ್ಬೈಡ್ (ಉಕ್ಕಿಗಿಂತ ಗಟ್ಟಿಯಾದ ವಸ್ತು) ಹಲ್ಲಿನ ಬ್ಲೇಡ್ ತೆಗೆದುಕೊಳ್ಳಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ, ಆದ್ದರಿಂದ ಈ ಮಾತು. ನಾನು ದಿನವೂ ಸಾಗುವಾನಿ ಸೀಳುವವನು. ಸಾಗುವಾನಿಯಲ್ಲಿ ಸಿಲಿಕಾ ಇರುತ್ತದೆ, ಸಾಧಾರಣ ಉಕ್ಕಿನ ಹಲ್ಲು ಬೇಗ ಮೊಂಡಾಗುತ್ತದೆ. ಅಂಥ ಕೆಲಸಕ್ಕೆ ಕಾರ್ಬೈಡಿನ ಬೆಲೆ ದಕ್ಕುತ್ತದೆ. ಒಂದು ಹಲಸಿನ ಹಲಗೆಗೆ ಬೇಕಿಲ್ಲ.

ಲೆಕ್ಕ ನೋಡಿ. ಹಾಳೆ 2.5 ಮಿ.ಮೀ., ತೆಳು ಬ್ಲೇಡ್ ತಿನ್ನುವ ಮರ ಸುಮಾರು 1, ಪ್ರತಿ ಸೀಳಿನ ನಂತರ ಮುಖ ರಂದ ಹೊಡೆಯಲು 0.3. ಒಟ್ಟು 3.8. ಕೊನೆಯ 11 ಮಿ.ಮೀ. ತುಂಡನ್ನು ಸೀಳಲು ಹೋಗಬೇಡಿ, ಬೆರಳು ಬ್ಲೇಡಿಗೆ ತೀರಾ ಹತ್ತಿರವಾಗುತ್ತದೆ. ಉಳಿದ 27ರಲ್ಲಿ ಏಳು ಹಾಳೆ ಬರುತ್ತದೆ. ಒಂದೂವರೆ ಮಿ.ಮೀ. ತಿನ್ನುವ ದಪ್ಪ ಕಾರ್ಬೈಡ್ ಹಾಕಿದರೆ ಆರು. ನಿಮಗೆ ಬೇಕಾದದ್ದು ಆರೇ ಆದರೂ, ಒಂದು ಹಾಳೆ ಕೈತಪ್ಪಿ ಕೆಡುವುದಕ್ಕೆ ಅವಕಾಶ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನು, ಹಳೆಯ ಬಾಗಿಲು ಎಂದಿರಿ. ಮೊಳೆ ಹುಡುಕಿದ್ದೀರಾ? ಬಲವಾದ ಅಯಸ್ಕಾಂತವನ್ನು ಹಲಗೆಯ ಮೇಲೆ ಅಂಗುಲ ಅಂಗುಲವಾಗಿ ಆಡಿಸಿ. ಮರ ಕಪ್ಪಾಗಿರುವ ಕಡೆ ತುಕ್ಕು ಹಿಡಿದ ಮೊಳೆಯ ತುದಿ ಮುರಿದು ಉಳಿದಿರಬಹುದು. ಹಿತ್ತಾಳೆಯ ತಿರುಪನ್ನು ಅಯಸ್ಕಾಂತ ಹಿಡಿಯುವುದಿಲ್ಲ. ಕೈಯಲ್ಲಿ ಹಿಡಿಯುವ ಲೋಹಶೋಧಕವನ್ನು ಯಾರಿಂದಲಾದರೂ ಎರವಲು ಪಡೆಯಿರಿ.

ಪ್ರಶ್ನೆ ಕೇಳಿದವರು

ಎರಡು ಮೊಳೆಯ ತುದಿಗಳು ಸಿಕ್ಕವು! ಚಿಕ್ಕ ಉಳಿಯಿಂದ ಬಿಡಿಸಿ ತೆಗೆದೆ. ಎಸ್.ಜೆ.ಪಿ. ರಸ್ತೆಯಲ್ಲಿ ಚೀಟಿ ತೋರಿಸಿ ಕೇಳಿ, ಅರ್ಧ ಇಂಚಿನ 3 ಹಲ್ಲಿನ ಬ್ಲೇಡ್ ತಂದೆ. ಪರೀಕ್ಷೆಯ ತುಂಡಿನಲ್ಲಿ ಹೊಟ್ಟೆ ಪೂರ್ತಿ ಹೋಯಿತು, ಪುಡಿ ರವೆಯಂತೆ ಉದುರುತ್ತಿದೆ. ಆದರೆ ಈಗ ಎರಡು ತೊಂದರೆ. ಹಲಗೆ ನಿಧಾನವಾಗಿ ಫೆನ್ಸ್‌ನಿಂದ (ಹಲಗೆಯನ್ನು ಆನಿಸಿ ತಳ್ಳುವ ನೇರ ಪಟ್ಟಿಯಿಂದ) ದೂರ ಸರಿಯುತ್ತದೆ. ಹಾಳೆಯ ಮೈಮೇಲೆ ಸಮನಾದ ಅಂತರದಲ್ಲಿ ಅಡ್ಡ ಏಣುಗಳು ಬರುತ್ತಿವೆ.

ಉತ್ತರ (ಪೀಣ್ಯ)

ಸರಿಯುವುದಕ್ಕೆ ಫೆನ್ಸ್ ತಿರುಗಿಸುವ ಮೊದಲು ಮೇಲಿನ ಚಕ್ರ ನೋಡಿ. ರಬ್ಬರ್ ಪಟ್ಟಿಯ ನಡುವೆ ಸಣ್ಣ ಉಬ್ಬು ಇದ್ದರೆ, ಬ್ಲೇಡ್ ಅದರ ನೆತ್ತಿಯ ಮೇಲೆ ಓಡಬೇಕು, ಹಲ್ಲಿನ ಕುಳಿಯ ತಳ ಉಬ್ಬಿನ ನಡುಗೆರೆಗೆ ಬರುವಂತೆ. ಹೆಚ್ಚಿನ ಯಂತ್ರಗಳಲ್ಲಿ ಇಷ್ಟರಲ್ಲೇ ಸರಿಹೋಗುತ್ತದೆ. ಹೋಗದಿದ್ದರೆ ರದ್ದಿ ಹಲಗೆಯ ಮೇಲೆ ಅಂಚಿಗೆ ಸಮಾನಾಂತರವಾಗಿ ಒಂದು ಗೆರೆ ಎಳೆದು, ಫೆನ್ಸ್ ಇಲ್ಲದೆ ಆ ಗೆರೆಯ ಮೇಲೆ ಅರ್ಧದವರೆಗೆ ಕತ್ತರಿಸಿ. ಹಲಗೆಯನ್ನು ಅಲುಗಿಸದೆ ಯಂತ್ರ ನಿಲ್ಲಿಸಿ. ಆಗ ಹಲಗೆ ಯಾವ ಕೋನದಲ್ಲಿ ನಿಂತಿದೆಯೋ ಫೆನ್ಸ್ ಅದೇ ಕೋನದಲ್ಲಿರಲಿ. ಪಕ್ಕದ ಗೈಡ್‌ಗಳು ಬ್ಲೇಡಿನಿಂದ ಒಂದು ಕಾಗದದಷ್ಟು ದೂರವಿರಲಿ, ಹಿಂದಿನ ಬೇರಿಂಗ್ ಖಾಲಿ ಓಡುವಾಗ ತಾಗಬಾರದು.

ಏಣುಗಳ ವಿಷಯ: ಯಂತ್ರ ಓಡುವಾಗ ಟಕ್ ಟಕ್ ಎಂದು ಒಂದೇ ಲಯದಲ್ಲಿ ಸದ್ದು ಬರುತ್ತದೆಯೇ? ಬಂದರೆ ವೆಲ್ಡ್ ಜೋಡಣೆ ಸರಿಯಿಲ್ಲ. ವಿದ್ಯುತ್ ತೆಗೆದು, ಜೋಡಣೆಯ ಬೆನ್ನಿಗೆ ಉಕ್ಕಿನ ಅಳತೆಪಟ್ಟಿ ಇಟ್ಟು ಬೆಳಕಿಗೆ ಹಿಡಿದು ನೋಡಿ. ಬರೀ ಉಬ್ಬಾದರೆ ಸಾಣೆಕಲ್ಲಿನಿಂದ ತೀಡಬಹುದು. ಎರಡು ತುದಿಗಳು ಒಂದೇ ನೇರದಲ್ಲಿ ಇಲ್ಲದಿದ್ದರೆ ಅಂಗಡಿಯವರೇ ಬಿಚ್ಚಿ ಮತ್ತೆ ಬೆಸೆಯಬೇಕು. ಅಲ್ಲಿ ಸಂಕೋಚಪಡಬೇಡಿ.

ಉತ್ತರ (ಮೈಸೂರು ರಸ್ತೆ)

ರಂದ ಹೊಡೆದ ಮುಖ ಫೆನ್ಸ್ ಕಡೆಗಿರಲಿ, ಹಾಳೆ ಫೆನ್ಸ್ ಮತ್ತು ಬ್ಲೇಡಿನ ನಡುವೆ ಬರಲಿ. ಆಗ ಫೆನ್ಸ್ ಒಮ್ಮೆ ಹೊಂದಿಸಿದರೆ ಸಾಕು, ಎಲ್ಲ ಹಾಳೆಗಳ ದಪ್ಪವೂ ಒಂದೇ. ಒಂದು ಹಾಳೆಗೆ ಒಂದೂವರೆ ನಿಮಿಷ ಕೊಡಿ. ಕೊನೆಯಲ್ಲಿ ಕೈ ಬೇಡ, ತಳ್ಳುಕೋಲು.

ಪ್ರಶ್ನೆ ಕೇಳಿದವರು

ಜೋಡಣೆಯೇ ಸೊಟ್ಟಗಿತ್ತು. ಮತ್ತೆ ಬೆಸೆಸಿಕೊಂಡು ಬಂದೆ, ಚಕ್ರವನ್ನೂ ಹೊಂದಿಸಿದೆ. ಇಂದು ಬೆಳಿಗ್ಗೆ ಅಜ್ಜಿಯ ಹಲಗೆಯನ್ನು ಸೀಳಿದೆ. ಏಳು ಹಾಳೆ ಬಂದವು, ಅಂಚಿನಲ್ಲಿ ಅಳೆದರೂ ನಡುವೆ ಅಳೆದರೂ ಕೂದಲೆಳೆಯ ವ್ಯತ್ಯಾಸ. ಹೊಗೆ ಹಿಡಿದು ಕಂದಾಗಿದ್ದ ಹಲಗೆಯ ಒಳಗೆ ಮರ ಇನ್ನೂ ಅರಿಶಿನದಂತೆ ಹಳದಿಯಾಗಿದೆ. ನೋಡಿ ಯಂತ್ರ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಹಾಳೆಗಳ ನಡುವೆ ಕಡ್ಡಿಗಳನ್ನಿಟ್ಟು, ಮೇಲೆ ಭಾರ ಹೇರಿದ್ದೇನೆ.

ಉಳಿದ 11 ಮಿ.ಮೀ. ತುಂಡಿನ ಹೊರಮುಖದಲ್ಲಿ ಅಗುಳಿ ಉಜ್ಜಿ ಉಜ್ಜಿ ಬಿದ್ದ ತಗ್ಗು ಹಾಗೆಯೇ ಇದೆ. ಅದಕ್ಕೆ ರಂದ ಮುಟ್ಟಿಸುವುದಿಲ್ಲ. ಅದು ಅಮ್ಮನಿಗೆ.